ತಪ್ಪಿದ್ದು, ತಿದ್ದಿದ್ದು

ಆ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಗೋಡೆಯಾಚೆಯ ಮೌನ. ಪಕ್ಕದ ಕೋಣೆಯಲ್ಲಿ ಅತ್ತೆ ಟೀವಿ ಹಾಕಿರಲಿಲ್ಲ. ಎಷ್ಟೋ ವರ್ಷಗಳಿಂದ ಆ ಮನೆಯ ಬೆಳಗು ಶುರುವಾಗುತ್ತಿದ್ದುದೇ ನಿರೂಪಕನ ದನಿಯಿಂದ, ಹಿಂದಿನ ಸಂಜೆಯ ಕಾರ್ಯಕ್ರಮದ ಮರುಪ್ರಸಾರದಿಂದ. ಬೆಣ್ಣೆ ಸವರಿದಂಥ ದನಿ. ನಡುನಡುವೆ, ತಡೆದರೂ ತಡೆಯಲಾಗಲಿಲ್ಲ ಎಂಬಂತೆ ಉಕ್ಕುವ ಒಂದು ಸಣ್ಣ ನಗೆ. ಗೋಡೆಯ ಮೂಲಕ ಮಾತು ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳುತ್ತಿತ್ತು, ಮತ್ತು ಹಲ್ಲುಜ್ಜುತ್ತ ನಿಂತ ಅವಳಿಗೆ ಆ ಏರಿಳಿತದಿಂದಲೇ ನಿನ್ನೆ ತನ್ನ ಸರದಿಯಿತ್ತೋ ಬೇರೆ ಯಾರದ್ದೋ ಎಂದು ಗೊತ್ತಾಗಿಬಿಡುತ್ತಿತ್ತು. ತನ್ನ ಸರದಿಯಾದರೆ ನಗೆ ಹೆಚ್ಚು. ಅತ್ತೆ ಅದನ್ನು ಪೂರ್ತಿ ನೋಡಿ ಮುಗಿಸಿ, ಅಡುಗೆಮನೆಗೆ ಬಂದು, ಏನೂ ಆಗದವರ ಹಾಗೆ ಕಾಫಿ ಸೋಸುತ್ತಿದ್ದರು. ಒಂದು ದಿನವೂ ಅದರ ಮಾತೆತ್ತಿದವರಲ್ಲ. ಇವತ್ತು ತೀರ್ಪಿನ ದಿನ, ಇವತ್ತು ಟೀವಿ ಇಲ್ಲ. ಕಾಯಿಲೆಯವರಿರುವ ಮನೆಯಲ್ಲಿ ದನಿ ತಗ್ಗಿಸುವ ಹಾಗೆ ತಗ್ಗಿಸಿದ್ದಾರೆ ಎಂದುಕೊಂಡಾಗ ಅವಳಿಗೆ ಮೈಯೆಲ್ಲ ಉರಿಯಿತು. ನಗೆಯನ್ನಾದರೂ ತಡೆದುಕೊಳ್ಳಬಹುದು, ಈ ಕನಿಕರವನ್ನಲ್ಲ. ಸೋಲು ತನಗಿಂತ ಮೊದಲೇ ಎದ್ದು, ಮುಖ ತೊಳೆದು, ಒಳಗೆಲ್ಲೋ ಕೂತು ಕಾಯುತ್ತಿದೆ ಎನ್ನಿಸಿತು.

ಅಡುಗೆಮನೆಯಲ್ಲಿ ಅತ್ತೆ ಹೊರಗೆ ಹೋಗುವ ಬಟ್ಟೆ ತೊಟ್ಟು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಎಲ್ಲಿಗೆ ಹೊರಟ್ರಿ ಅತ್ತೆ?"

"ಎಲ್ಲಿಗೆ ಅಂದ್ರೆ? ನಿನ್ನ ಜೊತೆ. ಕೋರ್ಟಿಗೆ."

"ಅಲ್ಲಿ ಗಂಟೆಗಟ್ಲೆ ಗಟ್ಟಿ ಬೆಂಚಿನ ಮೇಲೆ ಕೂರಬೇಕು. ನಿಮ್ಮ ಮಂಡಿ..."

"ಮಂಡಿ ಇಲ್ಲೂ ನೋಯುತ್ತೆ, ಅಲ್ಲೂ ನೋಯುತ್ತೆ. ಅವನನ್ನ ಒಂದ್ಸಲ ಎದುರಿಗೆ ನೋಡಬೇಕು ನಾನು."

ಗಂಡ ಲೋಟ ಹಿಡಿದು ಬಾಗಿಲಿಗೊರಗಿ ನಿಂತಿದ್ದ. ಪಶುವೈದ್ಯ, ಎಷ್ಟು ತೊಳೆದರೂ ಅವನ ಕೈಯಿಂದ ಔಷಧದ ವಾಸನೆ ಹೋಗುತ್ತಿರಲಿಲ್ಲ. "ಹಸ್ತಾಕ್ಷರ ಹಾಕಿಸ್ಕೊಳೋಕೆ ಪುಸ್ತಕ ತಗೊಂಡ್ಯಾ ಅಮ್ಮ?" ಎಂದ. ಯಾರೂ ನಗಲಿಲ್ಲ. ಅವನು ಲೋಟ ತೊಳೆದಿಟ್ಟು ಕಾರಿನ ಬೀಗದ ಕೈ ಹುಡುಕತೊಡಗಿದ.

ಕಾರಿನಲ್ಲಿ ಅತ್ತೆ ಮುಂದೆ ಕೂತರು, ಅವಳು ಹಿಂದೆ, ಆಸ್ಪತ್ರೆಗೆ ಒಯ್ಯುವ ರೋಗಿಯ ಹಾಗೆ. ವಿಷಯ ಸಣ್ಣದೆಂದೇ ಅವಳಿಗೆ ಮೊದಲು ಅನ್ನಿಸಿತ್ತು. ಅವಳ ಕಸುಬು ಕೆಸರಿನದು. ಆಳವಾದ ಕೆರೆಗಳ ತಳದಲ್ಲಿ ವರ್ಷಕ್ಕೊಂದು ಜೋಡಿ ಪದರ ಕೂರುತ್ತದೆ, ಬೆಚ್ಚನೆಯ ತಿಂಗಳುಗಳದು ಮಾಸಲು ಬಿಳಿ, ಚಳಿಯ ತಿಂಗಳುಗಳದು ಕಪ್ಪು. ಉದ್ದನೆಯ ಕೊಳವೆ ಇಳಿಸಿ, ಕದಡದ ಹಾಗೆ ಮೇಲೆತ್ತಿ, ಸೀಳಿ, ಪದರ ಎಣಿಸಿ, ಯಾವ ವರ್ಷ ಎಷ್ಟು ಬಿಸಿಯಿತ್ತು ಎಂದು ಹೇಳುವುದು. ಹಲವು ಕೆರೆಗಳ ಕೆಸರನ್ನು ಕೂಡಿಸಿ ಅವಳೂ ಅವಳ ಸಹೋದ್ಯೋಗಿಯೂ ಬರೆದ ಲೇಖನದಲ್ಲಿ ಒಂದು ಗೆರೆಯಿತ್ತು, ನೂರಾರು ವರ್ಷ ಮಟ್ಟಸವಾಗಿ ಬಂದು ಕೊನೆಯಲ್ಲಿ ತಲೆಯೆತ್ತುವ ಗೆರೆ: ಭೂಮಿ ಈಗ ಕಾಯುತ್ತಿರುವ ಹಾಗೆ ಅಷ್ಟು ಕಾಲದಲ್ಲಿ ಎಂದೂ ಕಾದಿರಲಿಲ್ಲ. ಒಂದು ಕೆರೆಯನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದರು. ದೋಣಿಗಳ ಲಂಗರು ಎಳೆದೆಳೆದು ಅದರ ತಳ ಕದಡಿಹೋಗಿತ್ತು. ಬಿಟ್ಟಿದ್ದೇವೆ, ಇಂಥ ಕಾರಣಕ್ಕೆ ಬಿಟ್ಟಿದ್ದೇವೆ ಎಂದು ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಇದ್ದರು. ಆ ಸಣ್ಣ ಅಕ್ಷರವನ್ನು ಒಬ್ಬ ಅಂಕಣಕಾರ ಓದಿದ, ಉಳಿದದ್ದನ್ನು ಓದಲಿಲ್ಲ. ಬೇಡವಾದ ಕೆರೆಯನ್ನು ಬಚ್ಚಿಟ್ಟು ಬೇಕಾದ ಹಾಗೆ ಗೆರೆ ತಿದ್ದಿದ್ದಾಳೆ, ಇದು ವಿಜ್ಞಾನವಲ್ಲ, ವಂಚನೆ ಎಂದು ಬರೆದ. ಅಂದು ಸಂಜೆಯೇ ನಿರೂಪಕ ಅದನ್ನು ಟೀವಿಯಲ್ಲಿ ಗಟ್ಟಿಯಾಗಿ ಓದಿದ. ಓದಿ, ಆ ಸಣ್ಣ ನಗೆ ನಕ್ಕು, "ಕೆಸರಮ್ಮ" ಎಂದ. ಹೆಸರು ಅಂಟಿಕೊಂಡಿತು. ಜೀವನಪೂರ್ತಿ ಕೆಸರಿನಲ್ಲಿ ಕೈಯಾಡಿಸಿದವಳಿಗೆ, ಮೈಮೇಲೆ ಎರಚಿದ ಕೆಸರನ್ನು ತೊಳೆಯುವುದು ಹೇಗೆಂದು ತಿಳಿಯಲಿಲ್ಲ.

ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಎರಡು ಸಲಾಕೆ ತುರುಕಿ, ದೀಪ ಬಗ್ಗಿಸಿ, "ಅಲ್ಲಾ ಮೇಡಂ, ನಿಜ ಹೇಳಿ, ಇದೆಲ್ಲ ನಿಜವಾಗ್ಲೂ ಬಿಸಿಯಾಗ್ತಿದೆಯಾ, ಇಲ್ಲಾ ಸುಮ್ನೆ...?" ಎಂದು ಕೇಳಿದ್ದರು. ಅವಳು ಬಾಯಿ ತೆರೆದುಕೊಂಡೇ ಅವರ ಮೂಗಿನ ಹೊಳ್ಳೆಗಳನ್ನು ನೋಡಿದ್ದಳು. ಉತ್ತರ ಕೊಡಲಾಗದ ಸ್ಥಿತಿಯಲ್ಲಿಯೇ ಜನ ಅವಳನ್ನು ಪ್ರಶ್ನೆ ಕೇಳುತ್ತಿದ್ದರು: ಲಿಫ್ಟಿನ ಬಾಗಿಲು ಮುಚ್ಚುವಾಗ, ಸಭೆಯಲ್ಲಿ ಊಟದ ಗಂಟೆ ಹೊಡೆದ ಮೇಲೆ. ಸಂಸ್ಥೆಯವರು ವಿಚಾರಣೆ ಮಾಡಿದರು, ತಪ್ಪೇನೂ ಕಾಣಲಿಲ್ಲ ಎಂದರು. ಹಾಗೆಂದು ತಿಳಿಸಿದ ನಿರ್ದೇಶಕರು "ಸ್ವಲ್ಪ ದಿನ ತಲೆ ತಗ್ಗಿಸಿಕೊಂಡಿರಿ" ಎಂದೂ ಸೇರಿಸಿದರು, ತಪ್ಪು ಕಂಡಿದ್ದರೆ ಹೇಳುತ್ತಿದ್ದ ಅದೇ ದನಿಯಲ್ಲಿ. ಜೊತೆಯಲ್ಲಿ ಬರೆದ ಸಹೋದ್ಯೋಗಿ ಮುಂದಿನ ಲೇಖನದಿಂದ ತನ್ನ ಹೆಸರು ತೆಗೆಸಿಕೊಂಡ. "ಮನೇಲಿ ತುಂಬಾ ಹೆದರಿದಾರೆ, ಅರ್ಥ ಮಾಡ್ಕೋ" ಎಂದ. "ಪರವಾಗಿಲ್ಲ" ಎಂದಳು. ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಲೇ ಒಂದು ದಿನ ಆ ಇಬ್ಬರ ಮೇಲೆ ಮೊಕದ್ದಮೆ ಹೂಡಲು ವಕೀಲೆಯ ಕಚೇರಿಯ ಮೆಟ್ಟಿಲು ಹತ್ತಿಬಿಟ್ಟಿದ್ದಳು. "ಬಿಟ್ಬಿಡೇ, ನಾಳೆ ಅವನು ಇನ್ನೊಬ್ಬರ ಬೆನ್ನು ಹತ್ತುತಾನೆ" ಎಂದಿದ್ದ ಗಂಡ. ಅದು ನಿಜವೂ ಆಗಿತ್ತು. ಎಲ್ಲರಿಗೂ ಅವಳು ಹೇಳಿದ್ದು, ಇದು ನನಗಾಗಿ ಅಲ್ಲ, ವಿಜ್ಞಾನಕ್ಕಾಗಿ ಎಂದು. ಹೇಳುವಾಗಲೆಲ್ಲ ಯಾರದೋ ಅಂಗಿ ತೊಟ್ಟ ಹಾಗೆ ಕಂಕುಳಲ್ಲಿ ಬಿಗಿಯುತ್ತಿತ್ತು.

ನ್ಯಾಯಾಲಯದ ಪಡಸಾಲೆಯಲ್ಲಿ ಒಂದೇ ಬೆಂಚು ಖಾಲಿಯಿತ್ತು. ವಕೀಲೆ ಮುಂಚೆಯೇ ಬಂದಿದ್ದರು. ವಯಸ್ಸಾದ, ಗಿಡ್ಡನೆಯ ಹೆಂಗಸು, ಮಾತಿಗಿಂತ ಕನ್ನಡಕ ಒರೆಸುವುದು ಹೆಚ್ಚು. "ಏನಾಗುತ್ತೆ ಅನ್ಸುತ್ತೆ?" ಎಂದು ಗಂಡ ಕೇಳಿದ್ದಕ್ಕೆ ಕನ್ನಡಕ ಒರೆಸಿದರು. ಪಾಟೀಸವಾಲಿನ ದಿನದಿಂದ ಅವರು ಹೀಗೆಯೇ ಇದ್ದರು. ಚಿಕ್ಕದಾಗಿ ಉತ್ತರ ಕೊಡಿ ಎಂದು ಹೇಳಿಕೊಟ್ಟಿದ್ದರು: ಹೌದು, ಇಲ್ಲ, ನೆನಪಿಲ್ಲ. ಎದುರಿನ ವಕೀಲ ಒರಟನಾಗಿದ್ದರೆ ಅವಳು ಹಾಗೆಯೇ ಮಾಡುತ್ತಿದ್ದಳೇನೋ. ಅವನು ಮನೆಗೆ ಬಂದ ನೆಂಟನಂತೆ ಮೆತ್ತಗೆ ಮಾತಾಡಿದ. "ಆ ಒಂದು ಕೆರೆಯ ತಳ ಕದಡಿದೆ ಅಂತ ಗೊತ್ತಾದಾಗ ನಿಮಗೆ ಏನನ್ನಿಸ್ತು ಮೇಡಂ?" ಇದಕ್ಕೆ ಹೌದು, ಇಲ್ಲ ಎನ್ನುವಂತಿರಲಿಲ್ಲ. ನೆನಪಿಲ್ಲ ಎನ್ನಬಹುದಿತ್ತು. ಆದರೆ ಅವಳಿಗೆ ನೆನಪಿತ್ತು. ಎಲ್ಲ ಕೆರೆಗಳೂ ಒಂದು ಕಡೆ ಹೋಗುವಾಗ ಅದೊಂದು ಕೆರೆ ಹಟ ಹಿಡಿದ ಮಗುವಿನಂತೆ ಇನ್ನೊಂದು ಕಡೆ ಎಳೆಯುತ್ತಿತ್ತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಮುಳುಗುಗಾರರು ತಂದ ಚಿತ್ರಗಳಲ್ಲಿ ಲಂಗರಿನ ಗೀರುಗಳು ಕಂಡಾಗ ಅವಳು ಮುಖ ತೊಳೆಯಲು ಹೋಗಿ ಕನ್ನಡಿಯಲ್ಲಿ ನಕ್ಕಿದ್ದಳು. ಆಮೇಲೆ ನಾಚಿ, ಉಳಿದ ಎಲ್ಲ ಕೆರೆಗಳಿಗೂ ಮುಳುಗುಗಾರರನ್ನು ಕಳಿಸಿದ್ದಳು. ಅಲ್ಲೆಲ್ಲ ತಳ ನಿಶ್ಚಲವಾಗಿತ್ತು. ಆದರೂ ಆ ನಗು. ಅಂಕಣ ಬಂದ ದಿನದಿಂದ ಅವಳನ್ನು ತಿನ್ನುತ್ತಿದ್ದುದು ವಂಚಕಿ ಎಂಬ ಮಾತಲ್ಲ, ಯಾರೂ ನೋಡದ ಆ ನಗು. ಕಟಕಟೆಯಲ್ಲಿ ನಿಂತು ಅವಳು "ಸಮಾಧಾನ ಆಯ್ತು" ಎಂದಳು. ಕೋಣೆಯಲ್ಲಿ ಪೆನ್ನುಗಳು ಸರಸರ ಓಡಿದವು. ತನ್ನ ವಕೀಲೆ ಕಣ್ಣು ಮುಚ್ಚಿದ್ದು ಅವಳಿಗೆ ಕಂಡಿತು.

ಮೆತ್ತನೆಯ ವಕೀಲ ಇನ್ನೂ ಮೆತ್ತಗಾದ. "ಹಾಗಿದ್ರೆ ಇದು ವಿಜ್ಞಾನದ ಒಳಗಿನ ವಾದ. ಅದನ್ನ ಇಲ್ಲಿಗೆ ಯಾಕೆ ತಂದ್ರಿ? ನಿಮ್ಮನ್ನ ಟೀಕಿಸಿದೋರನ್ನೆಲ್ಲ ಕೋರ್ಟಿಗೆ ಎಳೀತೀರಾ?" ಆಗ ಅವಳಿಗೆ ಇದ್ದಕ್ಕಿದ್ದಂತೆ ಭಯ ಹೋಗಿತ್ತು. ಹೇಳಬಾರದ್ದನ್ನು ಹೇಳಿಯಾಗಿದೆ, ಇನ್ನೇನಿದೆ. "ಎಣಿಕೆ ತಪ್ಪಿದೆ ಅಂದಿದ್ರೆ ನಾನು ಬರ್ತಾನೇ ಇರ್ಲಿಲ್ಲ. ನನ್ನ ಎಣಿಕೆ ತಪ್ಪಿದೆ ಅಂತ ಎಷ್ಟೋ ಜನ ಬರೆದಿದಾರೆ, ಒಂದೆರಡು ಸಲ ಅವರೇ ಸರಿ ಇದ್ರು. ಇವರು ಅಂದಿದ್ದು ತಪ್ಪಿದೆ ಅಂತ ಅಲ್ಲ, ತಿದ್ದಿದಾಳೆ ಅಂತ. ತಪ್ಪೋದು ಬೇರೆ, ತಿದ್ದೋದು ಬೇರೆ. ತಪ್ಪಿದ್ದು ಕೆಸರಿಗೆ ಸೇರಿದ್ದು. ತಿದ್ದಿದ್ದು ನನಗೆ ಸೇರಿದ್ದು." ಹೇಳಿದಾಗ ಸರಿಯಾಗಿಯೇ ಹೇಳಿದೆ ಎನ್ನಿಸಿತ್ತು. ಸಂಜೆ ನಿರೂಪಕನ ಕಾರ್ಯಕ್ರಮದಲ್ಲಿ ಉಳಿದದ್ದು ಎರಡೇ ಪದ, ಸಮಾಧಾನ ಆಯ್ತು. ಅದನ್ನು ಅವನು ಬೇರೆ ಬೇರೆ ರಾಗದಲ್ಲಿ ಹೇಳಿ ತೋರಿಸಿದ್ದ, ಗೋಡೆಯ ಮೂಲಕವೂ ಅರ್ಥವಾಗುವಷ್ಟು ಚೆನ್ನಾಗಿ.

"ಇವನೇನಾ?" ಎಂದು ಅತ್ತೆ ಅವಳ ಮೊಣಕೈ ಹಿಂಡಿದರು. ಪಡಸಾಲೆಯ ಆ ತುದಿಯಿಂದ ನಿರೂಪಕ ಬರುತ್ತಿದ್ದ, ಹಿಂದೆ ನೆಲ ನೋಡುತ್ತ ತೆಳ್ಳನೆಯ ಅಂಕಣಕಾರ. "ಟೀವೀಲಿ ಎತ್ತರ ಕಾಣ್ತಾನಲ್ಲೇ. ಇಲ್ಲಿ ನೋಡಿದ್ರೆ ನನ್ನಷ್ಟೇ ಇದಾನೆ." ಅದು ಪಿಸುಮಾತೆಂದು ಅತ್ತೆ ತಿಳಿದಿದ್ದರು. ನಿರೂಪಕ ತಿರುಗಿ ನೋಡಿ, ಬಿಳಿಕೂದಲಿನ ಆ ಮುಖದಲ್ಲಿ ಟೀವಿಯವರನ್ನು ಎದುರಿಗೆ ಕಂಡವರ ಬೆರಗನ್ನು ಗುರುತಿಸಿ, ಅಭ್ಯಾಸಬಲದಿಂದ ಹತ್ತಿರ ಬಂದ.

"ನಮಸ್ಕಾರ ಅಮ್ಮ. ನಮ್ಮ ಕಾರ್ಯಕ್ರಮ ನೋಡ್ತೀರಾ?"

"ದಿನಾ ನೋಡ್ತೀನಪ್ಪ. ಸಂಜೆ ಒಂದ್ಸಲ, ಬೆಳಿಗ್ಗೆ ಒಂದ್ಸಲ."

"ತುಂಬಾ ಸಂತೋಷ ಅಮ್ಮ. ನಿಮ್ಮಂಥೋರ ಆಶೀರ್ವಾದ."

"ಇವಳು ನನ್ನ ಸೊಸೆ."

ಅವನ ಮುಖದ ಮೇಲಿನ ನಗೆಗೆ ಎಲ್ಲಿ ಹೋಗಬೇಕೆಂದು ತಿಳಿಯಲಿಲ್ಲ. ಅತ್ತೆ ಮುಂದುವರಿಸಿದರು, ಅಂಗಡಿಯವನ ಹತ್ತಿರ ವ್ಯವಹಾರ ಮಾತಾಡುವ ಹಾಗೆ. "ಯಾಕೆ ನೋಡ್ತೀನಿ ಗೊತ್ತಾ? ನೀನು ಇವಳ ಬಗ್ಗೆ ಏನಂದೆ ಅಂತ ಬೆಳಿಗ್ಗೆ ಹೊತ್ತಿಗೆ ನನಗೆ ಗೊತ್ತಿರಬೇಕು. ನೀನು ಜಾಸ್ತಿ ಅಂದ ದಿನ ಇವಳ ಅಕ್ಕಂದಿರು, ನನ್ನ ತಂಗಿ, ನಾದಿನಿ, ಎಲ್ಲರೂ ಫೋನ್ ಮಾಡ್ತಾರೆ. ಯಾರಿಗೆ ಏನು ಹೇಳಿ ಇಡಬೇಕು ಅಂತ ತಯಾರಾಗಿರಬೇಡ್ವಾ? ಬರೀ ಒಂದೇ ಪಾಠ ಹೇಳ್ತೀಯಲ್ಲಪ್ಪ, ಬೇಜಾರಾಗಲ್ವಾ ನಿನಗೆ?" ನಿರೂಪಕ ಗಡಿಯಾರ ನೋಡಿಕೊಂಡು, ತಲೆಯಾಡಿಸಿ, ಒಳಗೆ ಹೋದ. ಗಂಡ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಭುಜ ಕುಲುಕುತ್ತಿತ್ತು. ಅವಳಿಗೆ ನಗು ಬರಲಿಲ್ಲ. ಇಷ್ಟು ವರ್ಷ ಗೋಡೆಯ ಈಚೆ ನಿಂತು ತಾನು ಲೆಕ್ಕ ಹಾಕಿದ್ದೇನು, ಆಚೆ ಇದ್ದದ್ದೇನು.

"ಅತ್ತೆ, ನಾನು ಅಂದ್ಕೊಂಡಿದ್ದೆ ನಿಮಗೆ ಅವನು ಇಷ್ಟ ಅಂತ."

"ಮೊದಮೊದಲು ಇಷ್ಟಾನೇ ಆಗಿತ್ತು ಕಣೇ. ಚೆನ್ನಾಗಿ ಮಾತಾಡ್ತಾನೆ. ಒಂದು ವಾರ ನಂಬಿದ್ದೆ ಕೂಡ."

"ನಂಬಿದ್ರಾ?"

"ನಂಬಿದ್ದೆ. ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಒಂದು ದಿನ ಊಟಕ್ಕೆ ಕೂತಿದ್ವಿ, ನೀನು ತಟ್ಟೆಗೆ ಬಡಿಸೋಕೆ ಮುಂಚೇನೇ, ಉಪ್ಪು ಜಾಸ್ತಿಯಾಗಿದೆ, ತಪ್ಪಾಯ್ತು ಅಂದೆ. ಯಾರೂ ಬಾಯಿಗಿಟ್ಟಿರಲಿಲ್ಲ ಇನ್ನೂ. ನಾನು ಈ ಮನೇಲಿ ನಲವತ್ತು ವರ್ಷ ಅಡುಗೆ ಮಾಡಿದೀನಿ, ಒಂದಿನ ಹಾಗೆ ಒಪ್ಕೊಂಡೋಳಲ್ಲ. ಯಾರಾದ್ರೂ ಕೇಳಿದ್ರೆ, ಹೌದಾ, ನನಗೆ ಸರಿ ಇದೆಯಲ್ಲ ಅಂತಿದ್ದೆ." ಅತ್ತೆ ಮಂಡಿ ನೀವಿಕೊಂಡರು. "ಇವಳ ಕೈಲಿ ಬಚ್ಚಿಡೋಕೆ ಆಗಲ್ಲ ಅಂದ್ಕೊಂಡೆ. ಬಚ್ಚಿಡೋದು ಹೇಗೆ ಅಂತ ನನಗೆ ಗೊತ್ತು."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಒಳಗೆ ಕರೆದರು. ನ್ಯಾಯಾಧೀಶರಿಗೆ ನೆಗಡಿಯಾಗಿತ್ತು. ಕೆಂಪು ಮೂಗು, ಒದ್ದೆಯಾದ ಕರವಸ್ತ್ರ. ಇಷ್ಟು ವರ್ಷದ ಕಾಯುವಿಕೆ ಒಬ್ಬರ ನೆಗಡಿಗೆ ಬಂದು ತಗುಲಿಕೊಂಡಿತಲ್ಲ ಎನ್ನಿಸಿತು. "ಪದರಗಳ ಎಣಿಕೆ ಸರಿಯೋ ತಪ್ಪೋ ಎಂದು ಹೇಳುವುದು ಈ ನ್ಯಾಯಾಲಯದ ಕೆಲಸವಲ್ಲ," ಎಂದು ಓದಿದರು. "ಅದನ್ನು ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ, ಪ್ರತಿವಾದಿಗಳಿಗೂ ಇದೆ." ನಿಲ್ಲಿಸಿ ಮೂಗು ಒರೆಸಿಕೊಂಡರು. ಹೋಯಿತು, ಎಂದುಕೊಂಡಳು ಅವಳು. ಮುಂದಿನ ಬೆಂಚಿನ ಮರದಲ್ಲಿ ಬೆಳವಣಿಗೆಯ ಉಂಗುರಗಳು ಕಾಣುತ್ತಿದ್ದವು, ಅಗಲ, ಕಿರಿದು, ಅಗಲ. ಮರಗಳಲ್ಲಿ ಹಳೆಯ ಹವೆ ಓದುವವರೂ ಇವನ್ನು ಎಣಿಸುತ್ತಾರೆ, ಅವರೂ ತಪ್ಪುತ್ತಾರೆ. ನಿರೂಪಕ ಬೆನ್ನು ನೇರ ಮಾಡಿ ಕೂತ. ಕರವಸ್ತ್ರ ಕೆಳಗಿಳಿಯಿತು. "ಆದರೆ ಪ್ರತಿವಾದಿಗಳು ಹೇಳಿದ್ದು ಎಣಿಕೆ ತಪ್ಪಿದೆ ಎಂದಲ್ಲ. ವಾದಿ ತಿಳಿದೂ ತಿಳಿದೂ ತಿದ್ದಿದ್ದಾರೆ ಎಂದು. ಈ ವ್ಯತ್ಯಾಸವನ್ನು ವಾದಿಯೇ ಈ ನ್ಯಾಯಾಲಯಕ್ಕೆ ನನಗಿಂತ ಚೆನ್ನಾಗಿ ತಿಳಿಸಿದ್ದಾರೆ." ಅವಳು ತಲೆಯೆತ್ತಿದಳು. ಲೇಖನವನ್ನು ತಾವು ಪೂರ್ತಿ ಓದಿಲ್ಲವೆಂದು ಪ್ರತಿವಾದಿಗಳಿಬ್ಬರೂ ಒಪ್ಪಿದ್ದಾರೆ. ಸಂಸ್ಥೆಯ ವಿಚಾರಣೆಯ ಫಲಿತಾಂಶ ಗೊತ್ತಿದ್ದೂ ಅದನ್ನು ಒಮ್ಮೆಯೂ ಹೇಳದೆ ಆರೋಪವನ್ನು ಮತ್ತೆ ಮತ್ತೆ ಹೇಳಿದ್ದಾರೆ. ಅದು ಟೀಕೆಯಲ್ಲ, ಮಾನಹಾನಿ. "ಕೆರೆಯನ್ನು ಬಿಟ್ಟಾಗ ತನಗೆ ಸಮಾಧಾನವಾಯಿತೆಂದು ವಾದಿ ಹೇಳಿದ್ದನ್ನು ಪ್ರತಿವಾದಿಗಳು ತಪ್ಪೊಪ್ಪಿಗೆ ಎಂದು ಕರೆದಿದ್ದಾರೆ. ತನಗೆ ತೊಂದರೆಯಾಗಬಹುದಾದ ಮಾತನ್ನು ಮುಚ್ಚಿಡದೆ ಹೇಳಿದ ಸಾಕ್ಷಿಯನ್ನು ನಂಬದಿರಲು ನನಗೆ ಕಾರಣ ಕಾಣುವುದಿಲ್ಲ." ಅದೇ ಕಾರ್ಯಕ್ರಮದಲ್ಲಿ, ಅದೇ ಹೊತ್ತಿನಲ್ಲಿ, ನಿರೂಪಕನೇ ತನ್ನ ಬಾಯಿಂದ ಕ್ಷಮೆ ಕೇಳಬೇಕು, ಪತ್ರಿಕೆ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು. ಪರಿಹಾರದ ಮಾತೂ ಬಂತು, ಅವಳಿಗೆ ಅದು ಕೇಳಿಸಲಿಲ್ಲ.

ಕೇಳಿಸದಿರಲು ಕಾರಣ, ಅವಳ ಗಂಟಲಿನಿಂದ ಬಿಕ್ಕಳಿಕೆಯಂಥ ಏನೋ ಹೊರಟಿತ್ತು. ಅಳು ಎಂದುಕೊಂಡು ಕೈ ಅಡ್ಡ ಹಿಡಿದಳು. ನಗು. ಗಂಭೀರವಾಗಿರಬೇಕು, ಗೆದ್ದವರು ತಗ್ಗಿ ನಡೆಯಬೇಕು, ಚಿಕ್ಕಂದಿನಲ್ಲಿ ಓಟದಲ್ಲಿ ಮೊದಲು ಬಂದು ಕುಣಿದಾಗ ಅಪ್ಪ ಎಲ್ಲರೆದುರು ಕಿವಿ ಹಿಂಡಿದ್ದರು. ಆಮೇಲೆ ಅವಳು ಎಲ್ಲಿಯೂ ಕುಣಿದವಳಲ್ಲ. ನಿರೂಪಕನ ಕಿವಿಗಳು ಹಿಂದಿನಿಂದ ಕೆಂಪಾಗಿ ಕಾಣುತ್ತಿದ್ದವು. ಅವನಿಗೂ ಮನೆಯಿದೆ, ಅವನ ಮನೆಯ ಗೋಡೆಯಾಚೆಯೂ ಯಾರೋ ಕೇಳಿಸಿಕೊಳ್ಳುತ್ತಾರೆ ಎಂದು ತನ್ನೊಳಗೆ ಕನಿಕರ ಹುಡುಕಿದಳು. ಒಂದಿಷ್ಟು ಸಿಕ್ಕಿತು, ಅದನ್ನು ಇದ್ದಲ್ಲೇ ಇಟ್ಟುಬಿಟ್ಟಳು. ಉಳಿದದ್ದೆಲ್ಲ ನಗುವೇ. ಕನ್ನಡಿಯ ಮುಂದೆ ನಕ್ಕು ನಾಚಿದ್ದ ಆ ಹೆಂಗಸಿಗೂ ಇದರಲ್ಲಿ ಪಾಲು ಕೊಟ್ಟಳು. ವಕೀಲೆ ಕನ್ನಡಕ ಒರೆಸಲು ತೆಗೆದರು, ಈ ಸಲ ಒರೆಸಿದ್ದು ಕಣ್ಣು.

ಹೊರಗೆ ಮೆಟ್ಟಿಲ ಮೇಲೆ ಮೈಕುಗಳು. ವಕೀಲೆ ಮೊದಲೇ ಒಂದು ವಾಕ್ಯ ಹೇಳಿಕೊಟ್ಟಿದ್ದರು, ಇದು ವಿಜ್ಞಾನದ ಗೆಲುವು ಎಂದು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. "ಇದು ವಿಜ್ಞಾನದ..." ಎಂದು ಶುರು ಮಾಡಿದಾಗ ಕಂಕುಳಲ್ಲಿ ಅದೇ ಬಿಗಿತ. ನಿಲ್ಲಿಸಿದಳು. "ಇಲ್ಲ. ಇದು ವಿಜ್ಞಾನದ ಗೆಲುವಲ್ಲ. ವಿಜ್ಞಾನಕ್ಕೆ ಕೋರ್ಟು ಬೇಕಾಗಿಲ್ಲ, ಕೆರೆ ಸಾಕು. ಇದು ನನ್ನ ಗೆಲುವು. ನಾನು ಗೆದ್ದೆ." ಜೋರಾಗಿಯೇ ಹೇಳಿದ್ದಳು, ಮೆಟ್ಟಿಲ ಕೆಳಗೆ ಹೋಗುತ್ತಿದ್ದ ಒಬ್ಬ ಸೈಕಲ್ ನಿಲ್ಲಿಸಿ ನೋಡಿದ. ಮುಂದಿದ್ದ ವರದಿಗಾರ್ತಿ ಕೇಳಿದಳು, "ನಾಳೆ ಯಾರಾದ್ರೂ ನಿಮ್ಮ ಎಣಿಕೆ ತಪ್ಪು ಅಂತ ತೋರಿಸಿದ್ರೆ ಮೇಡಂ?"

"ತೋರಿಸ್ಲಿ. ಕೂರಿಸಿ ಟೀ ಕೊಡ್ತೀನಿ. ಎಲ್ಲಿ ತಪ್ಪಿದೆ ಅಂತ ಕೇಳ್ತೀನಿ."

"ಸರಿಯಾಗಿ ಬರ್ಕೊಳಮ್ಮ," ಎಂದು ಅತ್ತೆ ಮೈಕುಗಳ ನಡುವೆ ತಲೆ ತೂರಿಸಿದರು. "ಎರಡೇ ಪದ ಮಾತ್ರ ಹಾಕ್ಬೇಡ."

ಗಂಡ ಕಾರು ತಂದು ನಿಲ್ಲಿಸಿ, ಹಾರನ್ನನ್ನು ಬೇಕೆಂದೇ ಉದ್ದಕ್ಕೆ ಒತ್ತಿದ. ಅವಳು ಅತ್ತೆಯನ್ನು ಕೂರಿಸಿ, "ನೀವು ಹೋಗಿರಿ, ನಾನು ಕೆಲಸಕ್ಕೆ ಹೋಗಿ ಬರ್ತೀನಿ" ಎಂದಳು. "ಇವತ್ತೂನಾ?" ಎಂದ ಗಂಡ. "ಇವತ್ತೇ." ನಡೆದೇ ಹೋದಳು. ತನ್ನ ಹೆಜ್ಜೆಯ ಸದ್ದು ತನಗೇ ಕೇಳುವಂತೆ ನಡೆದು ಎಷ್ಟು ದಿನವಾಗಿತ್ತು. ಅಂಗಡಿಗಳ ಗಾಜಿನಲ್ಲಿ ಒಬ್ಬ ಹೆಂಗಸು ಕೈ ಬೀಸಿಕೊಂಡು ಹೋಗುತ್ತಿದ್ದಳು. ಕತ್ತು ಸ್ವಲ್ಪ ಉದ್ದವಾದ ಹಾಗಿತ್ತು.

ಸಂಸ್ಥೆಯಲ್ಲಿ ಸುದ್ದಿ ಮೊದಲೇ ತಲುಪಿತ್ತು. ನಿರ್ದೇಶಕರು ಎರಡೂ ಕೈ ಹಿಡಿದು ಕುಲುಕಿ, "ನಾವು ಯಾವಾಗ್ಲೂ ನಿಮ್ಮ ಜೊತೆಗೇ ಇದ್ವಿ" ಎಂದರು. "ಹೌದಾ ಸರ್, ನನಗೆ ಕಾಣಿಸಿರಲಿಲ್ಲ" ಎಂದು, ಅವರ ಮುಖ ಬಣ್ಣಗೆಡುವುದನ್ನು ಪೂರ್ತಿ ನೋಡಿ, ನೆಲಮಾಳಿಗೆಯ ಶೀತಲ ಕೋಣೆಗೆ ಇಳಿದಳು. ಅದರ ದಪ್ಪ ಬಾಗಿಲ ಬಳಿ ಸಹೋದ್ಯೋಗಿ ನಿಂತಿದ್ದ, ತುಂಬ ಹೊತ್ತಿನಿಂದ ನಿಂತವನ ಹಾಗೆ.

"ತಪ್ಪಾಯ್ತು," ಎಂದ. "ಆಗ ನಾನು ನಿನ್ನ ಜೊತೆ ನಿಲ್ಲಬೇಕಿತ್ತು."

ಪರವಾಗಿಲ್ಲ ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಹೇಳಲಿಲ್ಲ. "ಹೌದು, ನಿಲ್ಲಬೇಕಿತ್ತು" ಎಂದಳು. ಅವನು ತಲೆಯಾಡಿಸಿದ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಆ ಮಾತು ಇಬ್ಬರ ನಡುವೆ ಒಂದು ಹೊತ್ತು ನಿಂತಿರಲಿ ಎನ್ನಿಸಿತು, ಅಷ್ಟೆ. ಆಮೇಲೆ ಗೂಟದಿಂದ ದಪ್ಪನೆಯ ಕೋಟೊಂದನ್ನು ತೆಗೆದು ಅವನ ಕೈಗೆ ಕೊಟ್ಟಳು. "ಹಾಕ್ಕೋ. ಬಾ."

ಒಳಗೆ, ಕೆಳಗಿನ ಹಲಗೆಯ ಮೇಲೆ, ಸೀಲು ಒಡೆಯದ ಒಂದು ಕೊಳವೆಯಿತ್ತು. ಆ ಬಿಟ್ಟ ಕೆರೆಯದೇ, ದೋಣಿಗಳು ಸುಳಿಯದ ಮೂಲೆಯೊಂದನ್ನು ಹುಡುಕಿ ಎತ್ತಿಸಿದ್ದು. ಮೊಕದ್ದಮೆ ಮುಗಿಯುವವರೆಗೆ ಮುಟ್ಟಬೇಡಿ, ಏನು ಬಂದರೂ ಅವರು ತಿರುಚುತ್ತಾರೆ ಎಂದಿದ್ದರು ವಕೀಲೆ. ಮುಟ್ಟದೆ ಇದ್ದದ್ದು ಅದೊಂದೇ ಕಾರಣಕ್ಕಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದು ಉಳಿದ ಕೆರೆಗಳ ಜೊತೆ ಸೇರಬಹುದು, ಮತ್ತೆ ಹಟ ಹಿಡಿಯಬಹುದು, ಗೆರೆಯನ್ನು ಬಗ್ಗಿಸಲೂಬಹುದು. ಇಬ್ಬರೂ ಸೇರಿ ಕೊಳವೆಯನ್ನು ಮೇಜಿಗೆ ಎತ್ತಿದರು, ಸೀಳಿದರು, ತಂತಿಯಿಂದ ಕೆಸರನ್ನು ಎರಡು ಹೋಳು ಮಾಡಿ ಬಿಡಿಸಿದರು. ದೀಪದ ಕೆಳಗೆ ಪದರಗಳು ಒದ್ದೆಯಾಗಿ ಹೊಳೆದವು, ಬಿಳಿ, ಕಪ್ಪು, ಬಿಳಿ, ಕಪ್ಪು, ಎಲ್ಲಿಯೂ ಕದಡಿರಲಿಲ್ಲ. ನೀರಿನ, ಕೊಳೆತ ಎಲೆಯ, ಹಳೆಯ ಕತ್ತಲೆಯ ವಾಸನೆ ಎದ್ದಿತು.

"ನೀನು ಎಣಿಸು," ಎಂದಳು.

"ನಾನಾ? ನೀನೇ ಮೊದಲು..."

"ನೀನೇ. ಗಟ್ಟಿಯಾಗಿ."

ಅವನು ಬಗ್ಗಿ, ಸೂಜಿಯ ತುದಿಯನ್ನು ಮೇಲಿನ ಪದರಕ್ಕೆ ತಾಗಿಸಿ ಎಣಿಸತೊಡಗಿದ. ಚಳಿಗೆ ಅವನ ದನಿ ನಡುಗುತ್ತಿತ್ತು, ಬಾಯಿಂದ ಬಿಳಿ ಉಸಿರು ಹೊರಡುತ್ತಿತ್ತು. ಅವಳು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನು ಬರುತ್ತದೋ ಬರಲಿ ಎಂದು, ಮುಖದ ತುಂಬ ನಗುತ್ತ ನಿಂತಳು. ನಡುವೆ ಎಲ್ಲೋ ಅವನಿಗೆ ಲೆಕ್ಕ ತಪ್ಪಿತು. ಸೂಜಿ ಎತ್ತಿ ಅವಳ ಕಡೆ ನೋಡಿದ.

"ಮೊದಲಿಂದ," ಎಂದಳು ಅವಳು, ಮತ್ತು ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಳು.